ಕತ್ತರಿ ಹಿಡಿದವರ ಹೆಸರು

ಮೈಸೂರಿನಿಂದ ನಿವೃತ್ತ ವೀಣೆ ಶಿಕ್ಷಕರೊಬ್ಬರು ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಬಂದ, ಪೋಲೆಂಡಿನ ಎವ್ಗೆನ್ಯೂಷ್ ರುದ್ನಿಕ್ ಕುರಿತ ಲೇಖನ ಅವರಿಗೆ ಹಿಡಿಸಿಲ್ಲ. ಅವರ ಆಕ್ಷೇಪ ಇದು: ‘ರುದ್ನಿಕ್ ರೇಡಿಯೊ ಕೇಂದ್ರದ ತಂತ್ರಜ್ಞ. ಸಂಗೀತ ಕಲಿತವನಲ್ಲ. ಬೇರೆಯವರು ಯೋಚಿಸಿದ್ದನ್ನು ಟೇಪಿನಲ್ಲಿ ಜೋಡಿಸಿದವನು. ಅಂಥವನನ್ನು ಮಹಾ ಸಂಯೋಜಕ ಪೆಂಡೆರೆಟ್ಸ್ಕಿಯ ಪಕ್ಕದಲ್ಲಿ ಕೂರಿಸಿ ಸಂಯೋಜಕ ಎಂದು ಕರೆದಿದ್ದೀರಿ. ನಾಳೆ ಮೈಕು ಕಟ್ಟುವವನನ್ನೂ ವಿದ್ವಾನ್ ಎನ್ನುತ್ತೀರೇನು?’

ಮಾನ್ಯರೇ,

ದಶಕಗಳ ಕಾಲ ಮಕ್ಕಳಿಗೆ ಸರಳೆ, ಜಂಟಿವರಸೆ ತಿದ್ದಿದವರು ಸಂಗೀತದ ವಿಷಯಕ್ಕೆ ಸಿಟ್ಟಾದರೆ ಅದು ಕಾಳಜಿಯ ಸಿಟ್ಟು. ಅದಕ್ಕೆ ನಮಸ್ಕಾರ. ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ಪೆಂಡೆರೆಟ್ಸ್ಕಿಯ ಕಲ್ಪನೆ ಪೆಂಡೆರೆಟ್ಸ್ಕಿಯದೇ, ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ. ಆದರೆ ‘ಜೋಡಿಸಿದವನು’ ಎಂದು ಒಂದೇ ಮಾತಿನಲ್ಲಿ ಮನುಷ್ಯನನ್ನು ಒರೆಸಿ ಹಾಕಿದ್ದೀರಲ್ಲ, ಅಲ್ಲಿ ನಾನು ಸುಮ್ಮನಿರಲಾರೆ. ಆ ಜೋಡಿಸುವ ಕೆಲಸ ಎಂಥದ್ದು ಎಂದು ಹತ್ತಿರ ಹೋಗಿ ನೋಡದೆ ಕೊಟ್ಟ ತೀರ್ಪು ಅದು.

ನೋಡೋಣ. 1950ರ ದಶಕದ ಕೊನೆಯ ವಾರ್ಸಾ. ಒತ್ತಿದರೆ ಸ್ವರ ಹೊರಡುವ ಸಿಂಥಸೈಜರ್ ಆಗಿನ್ನೂ ಬಂದಿರಲಿಲ್ಲ. ಇದ್ದದ್ದು ಟೇಪ್ ರೆಕಾರ್ಡರುಗಳು, ಒಂದೇ ಸಮನೆ ಕೂಗುವ ಆಸಿಲೇಟರುಗಳು, ಸದ್ದು ಸೋಸುವ ಫಿಲ್ಟರುಗಳು. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಸ್ವರ ಬೇಕೆಂದರೆ ನಾಲ್ಕು ಸೆಂಟಿಮೀಟರಿಗೂ ಗಿಡ್ಡನೆಯ ತುಂಡು ಕತ್ತರಿಸಬೇಕು. ನೇರ ಕತ್ತರಿಸಿದರೆ ಸದ್ದು ಥಟ್ಟನೆ ಹುಟ್ಟುತ್ತದೆ, ಓರೆಯಾಗಿ ಕತ್ತರಿಸಿದರೆ ಮೆಲ್ಲಗೆ ಏರಿ ಬರುತ್ತದೆ. ಕತ್ತರಿಯ ಅಲಗಿಗೆ ಅಯಸ್ಕಾಂತದ ಗುಣ ಹತ್ತಿದ್ದರೆ ಮುಟ್ಟಿದ ಕಡೆಯೆಲ್ಲ ‘ಟಕ್’ ಎಂಬ ಸದ್ದು ಉಳಿದುಬಿಡುತ್ತದೆ. ಒಂದು ನಿಮಿಷದ ಸಂಗೀತಕ್ಕೆ ಇಂಥ ನೂರಾರು ತುಂಡುಗಳು. ಪ್ರತಿ ತುಂಡನ್ನೂ ಕೇಳಿ, ಅಳೆದು, ಕತ್ತರಿಸಿ, ಅಂಟಿಸಿ, ಮತ್ತೆ ಕೇಳಬೇಕು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಕಿವಿ. ಆ ಕಿವಿ ಯಾರದು ಎಂಬುದೇ ನನ್ನ ಪ್ರಶ್ನೆ.

ನಿಮ್ಮ ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ ಮೇಳ ಕಟ್ಟುವವರನ್ನೇ ನೆನೆಯಿರಿ. ಅವರು ಕಚೇರಿ ಮಾಡುವುದಿಲ್ಲ. ಆದರೆ ಅವರ ಕಿವಿ ಒಂದು ಕೂದಲೆಳೆ ತಪ್ಪಿದರೆ ನಿಮ್ಮ ಗಾಂಧಾರ ಎಲ್ಲಿರುತ್ತಿತ್ತು?

ರುದ್ನಿಕ್ ದುಡಿದ, ಹೀಗೆ ಟೇಪಿನಲ್ಲಿ ಸಂಗೀತ ಕಟ್ಟುತ್ತಿದ್ದ ಸ್ಟುಡಿಯೊ ಹುಟ್ಟಿದ ಬಗೆಯೂ ಕೇಳುವಂಥದ್ದು. 1949ರಲ್ಲಿ ವಾಗೂಫ್ ಎಂಬ ಊರಿನಲ್ಲಿ ಪೋಲೆಂಡಿನ ಸಂಯೋಜಕರನ್ನೆಲ್ಲ ಸೇರಿಸಿ, ಇನ್ನು ಮುಂದೆ ಸಮಾಜವಾದಿ ವಾಸ್ತವದ, ಅಂದರೆ ಜನಕ್ಕೆ ಸುಲಭವಾಗಿ ತಿಳಿಯುವ, ಸರ್ಕಾರದ ಆದರ್ಶ ಸಾರುವ ಸಂಗೀತವನ್ನೇ ಬರೆಯತಕ್ಕದ್ದು, ಪ್ರಯೋಗ ಗಿಯೋಗ ಬೇಡ ಎಂದು ಸರ್ಕಾರದ ಪರವಾಗಿ ತಾಕೀತು ಮಾಡಿದವರು ಸಂಸ್ಕೃತಿ ಇಲಾಖೆಯ ಉಪಸಚಿವ ಸೊಕೊರ್ಸ್ಕಿ. ಸ್ಟಾಲಿನ್ ಸತ್ತು, 1956ರ ಅಕ್ಟೋಬರಿನಲ್ಲಿ ಬಿಗಿ ಸಡಿಲವಾಯಿತು. ಅದೇ ಸೊಕೊರ್ಸ್ಕಿ ರೇಡಿಯೊ ಸಮಿತಿಯ ಮುಖ್ಯಸ್ಥರಾಗಿ ಬಂದು 1957ರ ನವೆಂಬರಿನಲ್ಲಿ ಪೋಲಿಷ್ ರೇಡಿಯೊದ ಪ್ರಯೋಗ ಸ್ಟುಡಿಯೊಗೆ ಅನುಮತಿ ಕೊಟ್ಟರು. ಪ್ಯಾರಿಸ್, ಕಲೋನ್, ಮಿಲಾನ್‌ಗಳಲ್ಲಿ ಇಂಥವು ಆಗಲೇ ಇದ್ದವು. ಆದರೆ ಕಬ್ಬಿಣದ ಪರದೆಯ ಹಿಂದೆ, ಅಂದರೆ ಸೋವಿಯತ್ ಬಣದ ದೇಶವೊಂದರಲ್ಲಿ, ಇದು ದೊಡ್ಡ ಮಾತು. ಸ್ಟುಡಿಯೊ ನಡೆಸಿದವರು ಯೂಜೆಫ್ ಪತ್ಕೋವ್‌ಸ್ಕಿ ಎಂಬ ಸಂಗೀತಶಾಸ್ತ್ರಜ್ಞರು. 1962ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ಹಾನ್ಸೆನ್ ಅದಕ್ಕೊಂದು ಕೋಣೆ ರೂಪಿಸಿದರು, ‘ಕಪ್ಪು ಕೋಣೆ’ ಎಂದೇ ಹೆಸರಾಯಿತು. ಗೋಡೆಯ ಹಲಗೆಗಳನ್ನು ಒಂದು ಕಡೆ ತಿರುಗಿಸಿದರೆ ಸದ್ದು ಹೀರುತ್ತಿದ್ದವು, ಇನ್ನೊಂದು ಕಡೆ ತಿರುಗಿಸಿದರೆ ಮರಳಿಸುತ್ತಿದ್ದವು.

ಅಲ್ಲಿ 1959ರಲ್ಲಿ ಸಂಯೋಜಕ ಕೊತೊನ್‌ಸ್ಕಿ ಮಾಡಿದ ಕೃತಿಯೊಂದಿದೆ. ಸಿಂಬಲ್‌ ಎಂಬ ಲೋಹದ ತಾಳದ ತಟ್ಟೆಗೆ ಒಂದೇ ಒಂದು ಏಟು, ಅಷ್ಟೇ ಅದರ ಬಂಡವಾಳ. ಆ ಒಂದು ಸದ್ದನ್ನು ಫಿಲ್ಟರಿನಲ್ಲಿ ಸೋಸಿ, ಟೇಪಿನ ವೇಗ ಬದಲಿಸಿ ಏರಿಸಿ ಇಳಿಸಿ, ತುಂಡರಿಸಿ ಪೋಣಿಸಿ, ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಕೃತಿ ಕಟ್ಟಿದರು. ಇಲ್ಲಿ ಸಂಯೋಜನೆ ಎಲ್ಲಿ ಮುಗಿಯಿತು, ಜೋಡಣೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಬಲ್ಲಿರಾ? ನನಗಂತೂ ಆಗುವುದಿಲ್ಲ.

ಈಗ ರುದ್ನಿಕ್. 1932ರಲ್ಲಿ ನಾಡ್ಕೊಲೆ ಎಂಬ ಹಳ್ಳಿಯಲ್ಲಿ ಹುಟ್ಟಿ, 1955ರಲ್ಲಿ ರೇಡಿಯೊಗೆ ತಂತ್ರಜ್ಞರಾಗಿ ಸೇರಿದವರು. ಸಂಗೀತ ಕಲಿತವರಲ್ಲ, ನಿಜ. ಪೆಂಡೆರೆಟ್ಸ್ಕಿ ‘ಸಾಲ್ಮುಸ್ 1961’ ಮಾಡಲು ಬಂದಾಗ ಯಂತ್ರಗಳ ಮುಂದೆ ಕೂತವರು ಇವರೇ. ಮನುಷ್ಯರ ಬಾಯಿಂದ ಹೊರಟ ಸ್ವರ ವ್ಯಂಜನಗಳನ್ನೇ ಹಿಗ್ಗಿಸಿ ಕುಗ್ಗಿಸಿ ಕಟ್ಟಿದ ಕೃತಿ ಅದು. ಸ್ಟುಡಿಯೊದಲ್ಲಿ ಕೇಳಿದ್ದು ತಮ್ಮ ವಾದ್ಯವೃಂದದ ಬರವಣಿಗೆಯನ್ನೇ ಬದಲಿಸಿತು ಎಂದು ಪೆಂಡೆರೆಟ್ಸ್ಕಿ ಹೇಳಿಕೊಂಡಿದ್ದಾರೆ. ನೀವು ಎತ್ತಿ ಹಿಡಿಯುವ ಆ ದೊಡ್ಡ ಸಂಯೋಜಕರೇ ಯಾರ ಪಕ್ಕದಲ್ಲಿ ಕೂತು ಏನು ಕಲಿತರು ಎಂಬುದನ್ನು ಮರೆಯಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್ ಉದ್ಘಾಟನೆಗೆ ಅವರು ಮಾಡಿದ ಸಂಗೀತವೂ ರುದ್ನಿಕ್ ಕೈಯಲ್ಲೇ ರೂಪ ಪಡೆಯಿತು. ನಾರ್ವೆಯ ಸಂಯೋಜಕ ಆರ್ನೆ ನೂರ್‌ಹೈಮ್ ತಮ್ಮ ದೇಶ ಬಿಟ್ಟು ವಾರ್ಸಾಕ್ಕೆ ಮತ್ತೆ ಮತ್ತೆ ಬಂದದ್ದು ಇದೇ ಮನುಷ್ಯನಿಗಾಗಿ. 1970ರ ಒಸಾಕಾ ವಸ್ತುಪ್ರದರ್ಶನಕ್ಕೆಂದು ಇಬ್ಬರೂ ಸೇರಿ ಮುಗಿದೊಡನೆ ಮತ್ತೆ ಮೊದಲಿನಿಂದ ಓಡುವ, ಬೇರೆ ಬೇರೆ ಉದ್ದದ ಆರು ಟೇಪು ಸುರುಳಿಗಳನ್ನು ಸಿದ್ಧ ಮಾಡಿದರು. ಒಟ್ಟಿಗೆ ಓಡಲು ಬಿಟ್ಟರೆ, ಮೊದಲು ಕೇಳಿದ ಜೋಡಣೆ ಮತ್ತೆ ಕೂಡಿ ಬರಲು 102 ವರ್ಷ ಬೇಕು.

ರುದ್ನಿಕ್ ಅವರ ಸಹೋದ್ಯೋಗಿ ಬೊಹ್ದಾನ್ ಮಜುರೆಕ್ ಕಥೆಯೂ ಇದೇ. ಸಂಯೋಜಕ ಬೊಗುಸ್ವಾವ್ ಶೇಫರ್ ತಮ್ಮ ಎಲೆಕ್ಟ್ರಾನಿಕ್ ‘ಸಿಂಫನಿ’ಯನ್ನು ಚಿತ್ರಲಿಪಿಯಲ್ಲಿ ಬರೆದುಕೊಟ್ಟರು. ಯಾವ ಗುರುತಿಗೆ ಯಾವ ಸದ್ದು ಎಂಬುದನ್ನು ಯಂತ್ರದ ಮುಂದೆ ಕೂತವರೇ ಆರಿಸಬೇಕು. 1966ರ ಹೊತ್ತಿಗೆ ಮಜುರೆಕ್ ಅದನ್ನು ಕೇಳುವಂತೆ ಮಾಡಿದರು. ಸಂಯೋಜಕ ಎಂದು ಉಳಿದ ಹೆಸರು ಶೇಫರ್ ಅವರದು.

ನನಗೆ ರುದ್ನಿಕ್ ಅತ್ಯಂತ ಪ್ರಿಯರಾಗುವುದು ಬೇರೆಯವರಿಗಾಗಿ ದುಡಿದ ಕಾರಣಕ್ಕಲ್ಲ. ರೇಡಿಯೊದಲ್ಲಿ ದಿನವೂ ಕತ್ತರಿಸಿ ಎಸೆಯುವ ಟೇಪಿನ ಚೂರುಗಳನ್ನು ಅವರು ಆಯ್ದಿಟ್ಟುಕೊಳ್ಳುತ್ತಿದ್ದರು. ಉದ್ಘೋಷಕರ ಕೆಮ್ಮು, ತಡವರಿಕೆ, ತಪ್ಪಿದ ಮಾತು, ಉಸಿರು, ಹೀಗೆ ಪ್ರಸಾರಕ್ಕೆ ಯೋಗ್ಯವಲ್ಲ ಎಂದು ನೆಲಕ್ಕೆ ಬಿದ್ದದ್ದೆಲ್ಲ ಅವರಿಗೆ ಸಂಗೀತದ ಸಾಮಗ್ರಿ. 1965ರ ‘ಕೊಲಾಜ್’ ಕೇಳಿ. 1992ರಲ್ಲಿ ಅವರು ‘ಹಕ್ಕಿಗಳು ಮತ್ತು ಜನ’ ಎಂಬ ಕೃತಿ ಮಾಡಿದರು. ಅದಕ್ಕೆ ಬೇಕಾದವರ ಪಟ್ಟಿಯನ್ನು ಹೆಸರಿನ ಜೊತೆಗೇ ಕೊಟ್ಟಿದ್ದಾರೆ: ನಾಲ್ವರು ಕಲಾವಿದರು, ಎರಡು ಪಿಟೀಲು, ಎರಡು ನೈಟಿಂಗೇಲ್ ಹಕ್ಕಿ, ಒಂದು ಕತ್ತರಿ, ಒಬ್ಬಳು ಹಳ್ಳಿಯ ಕುಂಬಾರಗಿತ್ತಿ. ಕತ್ತರಿಯನ್ನು ಪಿಟೀಲಿನ ಸಾಲಿನಲ್ಲಿ ಕೂರಿಸಿದ ಈ ಮನುಷ್ಯನಿಗೆ ನೀವು ಸಂಯೋಜಕನ ಮಣೆ ಕೊಡುವುದಿಲ್ಲ ಎನ್ನುತ್ತೀರಿ. ನಾನು ಕೊಡುತ್ತೇನೆ. ಸಂಕೋಚವಿಲ್ಲದೆ ಕೊಡುತ್ತೇನೆ.

ಪದವಿ ಪತ್ರ ಇದ್ದವನು ಕಲಾವಿದ, ಕೈಯಲ್ಲಿ ಸಲಕರಣೆ ಹಿಡಿದವನು ನೌಕರ ಎಂಬ ಲೆಕ್ಕ ನಿಮ್ಮೊಬ್ಬರದಲ್ಲ, ನಮ್ಮೆಲ್ಲರ ತಲೆಯಲ್ಲೂ ಬೇರು ಬಿಟ್ಟಿದೆ. ಅದರ ನಷ್ಟ ಸಣ್ಣದಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟು ಒಂದು ಸ್ಟುಡಿಯೊ ಶುರುವಾಯಿತು. ಗೀತಾ ಸಾರಾಭಾಯಿ ಮುಂತಾದ ನಮ್ಮವರೇ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿ ಕೂತಿದ್ದವು. ಬ್ರಿಟನ್ನಿನ ಕಲಾವಿದರೊಬ್ಬರು ಹುಡುಕಿ ತೆಗೆಯುವವರೆಗೆ ನಮ್ಮಲ್ಲಿ ಎಷ್ಟು ಮಂದಿಗೆ ಸುದ್ದಿ ಗೊತ್ತಿತ್ತು? ಹಳೆಯ ಕಚೇರಿಗಳ ಧ್ವನಿಮುದ್ರಿಕೆ ಕೈಗೆ ಬಂದಾಗಲೆಲ್ಲ ನಾನು ಡಬ್ಬಿಯನ್ನು ತಿರುಗಿಸಿ ನೋಡುತ್ತೇನೆ. ಹಾಡಿದವರು, ಪಕ್ಕವಾದ್ಯ, ರಾಗ, ತಾಳ, ಪ್ರಾಯೋಜಕರು, ಅಧ್ಯಕ್ಷತೆ ವಹಿಸಿದ ಗಣ್ಯರು, ಎಲ್ಲರ ಹೆಸರೂ ಇರುತ್ತದೆ. ಮೈಕನ್ನು ತಂಬೂರಿಗೆ ಎಷ್ಟು ಹತ್ತಿರ ಇಡಬೇಕೆಂದು ತಿಳಿದಿದ್ದವರ ಹೆಸರು ಇರುವುದಿಲ್ಲ. ಅರವತ್ತು ವರ್ಷದ ಮೇಲೆ ಆ ಮೃದಂಗದ ಗುಮ್ಕಿ ನಮ್ಮ ಕಿವಿಗೆ ಬೀಳುತ್ತಿರುವುದು ಅವರ ದೆಸೆಯಿಂದ. ಶಾಲು ಹೊದಿಸಿದವರ ಹೆಸರು ಉಳಿಯಿತು, ಸದ್ದು ಉಳಿಸಿದವರದು ಹೋಯಿತು.

ಹಾಗಾಗಿ ಮೈಕು ಕಟ್ಟುವವರ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ವಿದ್ವಾನ್ ಎನ್ನಬೇಕಾಗಿಲ್ಲ, ಹೆಸರು ಹೇಳಿದರೆ ಸಾಕು. ಮುಂದಿನ ಸಂಚಿಕೆಯಿಂದ ನಮ್ಮ ಸಂಗೀತ ವಿಮರ್ಶೆಗಳಲ್ಲಿ ಧ್ವನಿಮುದ್ರಿಸಿದವರ ಹೆಸರನ್ನು ಕಲಾವಿದರ ಹೆಸರಿನ ಜೊತೆಯಲ್ಲೇ ಅಚ್ಚು ಹಾಕುತ್ತೇವೆ. ನಿಮ್ಮದೊಂದು ನೆರವು ಬೇಕು. ಮೈಸೂರಿನ ರಾಮನವಮಿ, ಗಣೇಶೋತ್ಸವದ ಕಚೇರಿಗಳನ್ನು ಸ್ಪೂಲಿಗೆ ಇಳಿಸಿದ ಹಿರಿಯರಲ್ಲಿ ಕೆಲವರನ್ನಾದರೂ ನೀವು ಬಲ್ಲಿರಿ. ಯಾವ ಕಚೇರಿ, ಯಾವ ವರ್ಷ, ಯಾವ ಯಂತ್ರ ಎಂಬ ವಿವರದೊಂದಿಗೆ, ಅವರ ಒಪ್ಪಿಗೆ ಪಡೆದು, ಬರೆದು ಕಳಿಸಿ.

ಸಂಪಾದಕ