ತೊಟ್ಟಿಲ ಕೂಸನ್ನೂ ಎಣಿಸಿ

ಪ್ರಶ್ನೆ: ನಮ್ಮದು ಕಾಲುವೆ ದಂಡೆಯ ಕ್ಯಾಂಪು, ಅಂದರೆ ಸಣ್ಣ ಜನವಸತಿ. ಮೂರರಿಂದ ಆರು ವರ್ಷದ 26 ಮಕ್ಕಳಿದ್ದಾರೆ. ಅಂಗನವಾಡಿ ಇರುವುದು ಕಾಲುವೆಯಾಚೆಯ ಊರಲ್ಲಿ. ಕೇಳಿದರೆ ‘ಜನಸಂಖ್ಯೆ ಸಾಲದು’ ಅನ್ನುತ್ತಾರೆ. ಸರ್ಕಾರಿ ಶಾಲೆಯಲ್ಲಿ ಈಗ ಎಲ್‌ಕೆಜಿ ಬಂದಿದೆಯಲ್ಲ, ಅದನ್ನೇ ಕೇಳೋಣವೇ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಎಲ್‌ಕೆಜಿ ಆಮೇಲೆ. ಮೊದಲು ನಿಮ್ಮ ಲೆಕ್ಕ ತಿದ್ದಿಕೊಳ್ಳಿ. ಓಡಾಡುವ ಮಕ್ಕಳನ್ನಷ್ಟೇ ಎಣಿಸಿದ್ದೀರಿ. ಅಂಗನವಾಡಿಯ ಲೆಕ್ಕ ತೊಟ್ಟಿಲಿನಿಂದಲೇ ಶುರು. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕಡೆ, ಜನ ಬೇಡಿಕೆ ಇಟ್ಟ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ನಿಮ್ಮ 26ರ ಜೊತೆಗೆ ಮೂರು ವರ್ಷದೊಳಗಿನ 14 ಕೂಸುಗಳು ಸಿಕ್ಕರೆ ಸಾಕು. ಒಂದು ಕ್ಯಾಂಪಿನಲ್ಲಿ ಅಷ್ಟು ಸಿಗಲಾರವೇ?

‘ಜನಸಂಖ್ಯೆ ಸಾಲದು’ ಎಂಬುದು ಬೇರೆ ಅಳತೆಯ ಮಾತು. ಸಾಮಾನ್ಯವಾಗಿ 400ರಿಂದ 800 ಜನರಿಗೊಂದು ಅಂಗನವಾಡಿ, 150ರಿಂದ 400ಕ್ಕೆ ಮಿನಿ ಅಂಗನವಾಡಿ ಎಂಬುದು ಆ ಅಳತೆ. ಆ ಲೆಕ್ಕದಲ್ಲೂ ನೀವು ಪೂರ್ತಿ ಹೊರಗಿರಲಿಕ್ಕಿಲ್ಲ.

ಇನ್ನು ಎಲ್‌ಕೆಜಿ. ಅದು ಶಾಲಾ ಶಿಕ್ಷಣ ಇಲಾಖೆಯದು. ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೂ ಅದಕ್ಕೆ ಹೊರಟಿತು. 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಇದನ್ನು ವಿರೋಧಿಸಿ ಬೀದಿಗಿಳಿದದ್ದು ನೆನಪಿರಬಹುದು. ದೊಡ್ಡ ಮಕ್ಕಳು ಶಾಲೆಗೆ ಹೋದರೆ ತಮ್ಮ ಕೇಂದ್ರದಲ್ಲಿ ಉಳಿಯುವುದೇನು ಎಂಬ ಅವರ ಅಂಜಿಕೆ ಸುಳ್ಳಲ್ಲ. ಬಸುರಿ, ಬಾಣಂತಿಯರ ಆಹಾರ, ಕೂಸಿನ ತೂಕ, ಪುಟ್ಟ ಮಕ್ಕಳ ಬಿಸಿಯೂಟ ಎಲ್ಲ ಒಂದೇ ಸೂರಿನಡಿ ಸಿಗುವುದು ಅಂಗನವಾಡಿಯಲ್ಲೇ. ಎಲ್‌ಕೆಜಿಗೆ ಕಾನೂನಿನ ಬಲವೂ ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಮೂರರಿಂದ ಆರು ವರ್ಷದವರಿಗೆ ಸರ್ಕಾರ ಉಚಿತ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ, ಅಷ್ಟೇ. ನಿಮ್ಮ ಕೈಯಲ್ಲಿರುವ ಕೋರ್ಟಿನ ಆದೇಶದಲ್ಲಿ ‘ಬೇಕು’ ಇದೆ. ‘ಬಹುದು’ ಬಿಟ್ಟು ‘ಬೇಕು’ ಹಿಡಿಯಿರಿ.

ತಡವಾಗುವುದು ದುಡ್ಡಿನ ದಾರಿಯಲ್ಲಿ. ಅಂಗನವಾಡಿಯ ಖರ್ಚನ್ನು ಕೇಂದ್ರ, ರಾಜ್ಯ ಸರ್ಕಾರಗಳು ಹಂಚಿಕೊಂಡು ಹೊರುತ್ತವೆ. ಹಾಗಾಗಿ ಹೊಸ ಅಂಗನವಾಡಿಯ ಕಡತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಿಂದ ಜಿಲ್ಲೆಗೆ, ಬೆಂಗಳೂರಿಗೆ, ಮುಂದೆ ದೆಹಲಿಗೂ ಹತ್ತಬೇಕು. ಕೆಳಗೇ ತಪ್ಪಿದರೆ ಮೇಲೆ ಹೋಗುವುದೇ ಇಲ್ಲ.

ದುಡಿಯಲು ಹೋದ ಮನೆಗಳವರು ವಾಪಸಾದ ಮೇಲೆ ಎಣಿಸಿ. ಗುಳೆಯ ಹೊತ್ತಿನಲ್ಲಿ ಎಣಿಸಿದರೆ ಅರ್ಧ ಕ್ಯಾಂಪೇ ಕಾಣದು. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಗ್ರಾಮಸಭೆಯ ಠರಾವು. ಇಷ್ಟನ್ನು ಸಿಡಿಪಿಒ ಕಚೇರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಒತ್ತಿಸಿಕೊಳ್ಳಿ. ಕೋರ್ಟ್ ಹೇಳಿದ ಮೂರು ತಿಂಗಳು ಬೇಡಿಕೆ ಇಟ್ಟ ದಿನದಿಂದ ಶುರು. ಆ ದಿನಕ್ಕೆ ಸಾಕ್ಷಿ ಆ ಮೊಹರೇ.