ಸಮುದ್ರವನ್ನೇ ನೋಡದವರು ಹವಳದ ರೋಗಗಳ ಬಗ್ಗೆ ಓದಬಹುದೇ?

ಕುಷ್ಟಗಿ ಕಡೆಯವರು, ಮನೆಯಲ್ಲಿ ದಾಳಿಂಬೆ ತೋಟ, ಈಜು ಬರಲ್ಲ, ಸಮುದ್ರ ನೋಡಿಲ್ಲ, ಇದೆಲ್ಲ ಕರಾವಳಿಯವರಿಗಷ್ಟೇ ಅಲ್ವಾ ಅಂತ ಕೇಳಿದ್ದೀರಿ. ನಾನು ಸಿಂಧನೂರು ಕಡೆಯವನು, ಭತ್ತ ಬೆಳೆಯುವ ಮನೆ. ಎಂ.ಎಸ್ಸಿ. ಸೇರಲು ಕಾರವಾರಕ್ಕೆ ಹೋದಾಗಲೇ ಮೊದಲ ಸಲ ಸಮುದ್ರ ಕಂಡಿದ್ದು. ಈಜು, ಡೈವಿಂಗ್ ಆಮೇಲೆ ಕಲಿತೆ. ನನ್ನ ಎರಡು ವರ್ಷ ತಿಂದಿದ್ದು ಬೇರೆಯೇ ಒಂದು ತಪ್ಪು.

ಹವಳ ಒಂದು ಪ್ರಾಣಿ. ರೋಗ ಬಂದರೆ ನಮ್ಮ ಹಾಗೆ ಪ್ರತಿಕಾಯ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮೈಮೇಲೆ ಲೋಳೆ ಸುರಿಸುತ್ತದೆ, ಗಾಯದ ಸುತ್ತ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಕಟ್ಟುತ್ತದೆ. ಆ ಮೆಲನಿನ್ ಮಾಡಿಸುವ ಕಿಣ್ವವನ್ನು ಅಳೆಯುವುದು ನನ್ನ ಕೆಲಸ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತಲ್ವಾ, ಹೆಚ್ಚುಕಡಿಮೆ ಅದೇ ಬಗೆಯ ಕಿಣ್ವ.

2015ರಲ್ಲಿ ಹವಳದ ಚೂರು ತರಲು ತಮಿಳುನಾಡು ಕರಾವಳಿಯ ಮನ್ನಾರ್ ಕೊಲ್ಲಿಗೆ ಹೋದೆ. ವನ್ಯಜೀವಿ ಕಾಯ್ದೆಯಲ್ಲಿ ಕಲ್ಲು ಹವಳ ಹುಲಿಯ ಜೊತೆ ಒಂದನೇ ಪಟ್ಟಿಯಲ್ಲಿದೆ. ಉಗುರಿನಷ್ಟು ಚೂರು ತೆಗೆಯಲೂ ಅನುಮತಿ ಬೇಕು. ನನಗೆ 30 ಚೂರಿಗೆ ಸಿಕ್ಕಿತ್ತು. ಬಿಳಿ ಗಾಯದ ಅಂಚಿಗೆ ಉಳಿ ಇಟ್ಟು, ಮೆಲ್ಲಗೆ ಸುತ್ತಿಗೆ ತಟ್ಟಿ, ಮೂವತ್ತನ್ನೂ ರೋಗ ಬಂದ ಜಾಗದಿಂದಲೇ ತೆಗೆದೆ. ರೋಗ ಓದುವವನಿಗೆ ಚೆನ್ನಾಗಿರುವ ಹವಳ ಯಾಕೆ ಬೇಕು ಅಂದುಕೊಂಡಿದ್ದೆ. ಲ್ಯಾಬ್‌ನಲ್ಲಿ ಅಂಕಿ ಬಂತು. ಜಾಸ್ತಿ ಅನ್ನೋಣವೇ? ಯಾವುದಕ್ಕಿಂತ ಜಾಸ್ತಿ? ಈ ಕಿಣ್ವ ಜಾತಿಯಿಂದ ಜಾತಿಗೆ ಬದಲಾಗುತ್ತದೆ, ನೀರು ಬಿಸಿಯಾದರೂ ಬದಲಾಗುತ್ತದೆ. ಅದೇ ದಿನ, ಅದೇ ಆಳದಲ್ಲಿ, ಅದೇ ಜಾತಿಯ ಆರೋಗ್ಯವಾದ ಹವಳದಿಂದಲೂ ಚೂರು ಬೇಕಿತ್ತು. ರೋಗ ಬಂದ ಹವಳದಲ್ಲೇ ಗಾಯದಿಂದ ದೂರ ಇರುವ ಚೂರೂ ಬೇಕಿತ್ತು. ಎರಡೂ ನನ್ನ ಹತ್ತಿರ ಇರಲಿಲ್ಲ.

ಮತ್ತೆ ಅನುಮತಿ ತೆಗೆದುಕೊಂಡು ಹೋಗುವಷ್ಟರಲ್ಲಿ 2016ರ ಬೇಸಿಗೆ. ನೀರು ಕಾದು, ಒಳಗಿನ ಪಾಚಿಯನ್ನು ಕಳೆದುಕೊಂಡು ಹವಳಗಳು ಬೆಳ್ಳಗಾಗಿದ್ದವು. ಆ ಪಾಚಿಯೇ ಅವಕ್ಕೆ ಊಟ ಕೊಡುವುದು. ಹಸಿದ ಹವಳವನ್ನು ಹೋದ ವರ್ಷದ ಹವಳದ ಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ನೀರಿನಲ್ಲೇ ಅಳು ಬಂತು.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಭತ್ತಕ್ಕೆ ಬೆಂಕಿ ರೋಗ ಬಂದಾಗೆಲ್ಲ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಪೈರು ಒಯ್ದು ತೋರಿಸಿದವರು ಅವರು. "ಚಲೋ ಇದ್ದ ಪೈರೂ ಒಂದು ಹಿಡಿ ಒಯ್ಯಬೇಕಲ್ಲೋ ತಮ್ಮಾ" ಅಂದರು.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ವರ್ಷದಲ್ಲಿ ನಾವು ನೀರಿನೊಳಗೆ ಇರೋದು ಕೆಲವೇ ವಾರ. ಉಳಿದದ್ದು ಲ್ಯಾಬು, ಲೆಕ್ಕ. ಕರಾವಳಿ ಕಾಲೇಜೇ ಬೇಕು ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಬಿ.ಎಸ್ಸಿ. ಮಾಡಿ, ಜೀವರಸಾಯನ ಮತ್ತು ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಈ ವಾರವೇ ತೋಟದಲ್ಲಿ ಅಂಗಮಾರಿ ರೋಗ ಬಂದ 10 ದಾಳಿಂಬೆ ಗಿಡಕ್ಕೆ ದಾರ ಕಟ್ಟಿ. ಅದೇ ಸಾಲಿನಲ್ಲಿ ಚೆನ್ನಾಗಿರುವ 10 ಗಿಡಕ್ಕೂ ಕಟ್ಟಿ. ವಾರಕ್ಕೊಮ್ಮೆ ಇಪ್ಪತ್ತನ್ನೂ ನೋಡಿ ಬರೆದಿಡಿ.