ಫಿಲ್ಮ್‌ನಿಂದ ಡಿಜಿಟಲ್‌ಗೆ: ಮೊದಲು ನಿಮ್ಮ ಲೆನ್ಸ್‌ಗಳನ್ನು ನೋಡಿ

ಪ್ರಶ್ನೆ: ನನಗೆ 61 ವರ್ಷ. ನಿವೃತ್ತ ಶಿಕ್ಷಕ, ಊರು ಬೇಲೂರು. ಮೂವತ್ತು ವರ್ಷಗಳಿಂದ ನಿಕಾನ್ ಎಫ್‌ಎಂ2 ಕ್ಯಾಮೆರಾದಲ್ಲಿ ಹೊಯ್ಸಳ ಶಿಲ್ಪಗಳ ಚಿತ್ರ ತೆಗೆಯುತ್ತಿದ್ದೇನೆ. 28, 50 ಮತ್ತು 135 ಎಂಎಂ ನಿಕಾನ್ ಲೆನ್ಸ್‌ಗಳಿವೆ. ಮೂರನ್ನೂ ಕೈಯಿಂದಲೇ ಫೋಕಸ್ ಮಾಡಬೇಕು. ಈಗ ರೋಲ್ ತೊಳೆಸಲು ಬೆಂಗಳೂರಿಗೇ ಕಳುಹಿಸಬೇಕಾಗಿದೆ. 60 ಸಾವಿರ ರೂಪಾಯಿಯೊಳಗೆ ಯಾವ ಡಿಜಿಟಲ್ ಕ್ಯಾಮೆರಾ ಕೊಳ್ಳಲಿ? ಹಳೆಯದನ್ನೆಲ್ಲ ಕೊಟ್ಟು ಹೊಸ ಕಿಟ್ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ.

ಉತ್ತರ: ದಯವಿಟ್ಟು ಏನನ್ನೂ ಕೊಡಬೇಡಿ. ನಿಮ್ಮ ಆಸ್ತಿ ಇರುವುದೇ ಆ ಮೂರು ಲೆನ್ಸ್‌ಗಳಲ್ಲಿ. 1959ರಲ್ಲಿ ಬಂದ ನಿಕಾನ್‌ನ ಎಫ್ ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರಿಸುವ ಜೋಡಣೆ, ಒಳಗೆ ಕನ್ನಡಿಯಿರುವ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲೂ ಮುಂದುವರಿಯಿತು. ಎಫ್‌ಎಂ2ಗೆ ಕೂರುವ ಲೆನ್ಸ್ ಎಂದರೆ 1977ರ ನಂತರದ ಎಐ ಬಗೆಯದು (ಅಪರ್ಚರ್, ಅಂದರೆ ಬೆಳಕು ಬಿಡುವ ರಂಧ್ರ, ಎಷ್ಟೆಂದು ಕ್ಯಾಮೆರಾಗೆ ತಿಳಿಸುವಂಥದ್ದು) ಅಥವಾ ಹಾಗೆ ಮಾರ್ಪಡಿಸಿದ್ದು. ಅಪರ್ಚರ್ ಉಂಗುರದ ಮೇಲೆ, ಬಾಡಿಯ ಕಡೆ, ಸಣ್ಣ ಅಂಕಿಗಳ ಎರಡನೆಯ ಸಾಲು ಕಂಡರೆ ಅದೇ ಗುರುತು.

ಆದರೆ ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಅಂಗಡಿಯವರು ಮುಂದಿಡುವ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಇಂಥ ಲೆನ್ಸ್ ಹಾಕಿದರೆ ಬೆಳಕಿನ ಮೀಟರ್ ಸುಮ್ಮನಾಗಿಬಿಡುತ್ತದೆ. ಡಿ7500 ಕೂಡ ಹಾಗೆಯೇ. ಅದಕ್ಕಿಂತ ಹಳೆಯ ಡಿ7200ರಲ್ಲಿ ಮೀಟರ್ ನಡೆಯುತ್ತದೆ. ಈ ಎಲ್ಲ ಕ್ಯಾಮೆರಾಗಳ ಸೆನ್ಸರ್ ಫಿಲ್ಮ್‌ಗಿಂತ ಚಿಕ್ಕದು, ನೋಟ ಒಂದೂವರೆ ಪಟ್ಟು ಕಿರಿದಾಗುತ್ತದೆ. 135 ಎಂಎಂ ಸುಮಾರು 200ರಂತೆ ಕಾಣುವುದು ಸೂರಿನ ಕೆಳಗಿನ ಮದನಿಕೆಯರಿಗೆ ಲಾಭವೇ. ಆದರೆ ಇಡೀ ಗುಡಿಯನ್ನು ಹಿಡಿಯುತ್ತಿದ್ದ 28 ಎಂಎಂ 42 ಆಗುತ್ತದೆ, ಹಿಂದೆ ಸರಿಯಲು ಪ್ರಾಕಾರದ ಗೋಡೆ ಬಿಡುವುದಿಲ್ಲ.

ಹಾಗಾಗಿ ನನ್ನ ಸಲಹೆ ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್: ಬಳಸಿದ ಡಿ610 ಅಥವಾ ಡಿ750. ಎರಡೂ 24 ಮೆಗಾಪಿಕ್ಸೆಲ್‌ನವು. ಲೆನ್ಸ್‌ನ ಫೋಕಲ್ ಉದ್ದ (28, 50 ಎಂಎಂ ಎಂಬ ಅಂಕಿ) ಮತ್ತು ಗರಿಷ್ಠ ಅಪರ್ಚರ್ ಅನ್ನು ಮೆನುವಿನಲ್ಲಿ ಒಮ್ಮೆ ನಮೂದಿಸಿದರೆ ಸಾಕು, ಮೀಟರ್ ನಡೆಯುತ್ತದೆ. ಕೊಳ್ಳುವಾಗ ಷಟರ್ ಎಷ್ಟು ಬಾರಿ ಓಡಿದೆ ಎಂದು ಕೇಳಿ. ಇವುಗಳ ಷಟರ್ ಅನ್ನು ತಯಾರಕರು 1,50,000 ಬಾರಿಗೆ ಪರೀಕ್ಷಿಸಿದ್ದಾರೆ. ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕೆಗಳಾಗಿ ಕಾಣುತ್ತದೆ.

ಒಂದು ಕೊರತೆ ನಿಮ್ಮನ್ನು ಕಾಡಬಹುದು. ಎಫ್‌ಎಂ2ರ ನಡುವಿನ ವೃತ್ತದಲ್ಲಿ ತುಂಡಾದ ಗೆರೆ ಕೂಡಿಕೊಳ್ಳುವ ಆ ಸುಖ ಇಲ್ಲಿಲ್ಲ. ಬದಲಿಗೆ ಕಣ್ಣಿಟ್ಟು ನೋಡುವ ಕಿಂಡಿಯ ಕೆಳಗೆ ಹೊತ್ತಿಕೊಳ್ಳುವ ಹಸಿರು ಚುಕ್ಕೆಯನ್ನು ನಂಬಬೇಕು, ಇಲ್ಲವೇ ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಬೇಕು. ಕಣ್ಣಿಗೆ ಇದು ಕಷ್ಟವೆನಿಸಿದರೆ ಕಿಂಡಿಯಲ್ಲೇ ಹಿಗ್ಗಿಸಿ ತೋರಿಸುವ ನಿಕಾನ್‌ನ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಹಿತ. ಅದಕ್ಕೆ ನಿಮ್ಮ ಲೆನ್ಸ್ ಕೂರಿಸಲು ಎಫ್‌ಟಿಝಡ್ ಎಂಬ ಅಡಾಪ್ಟರ್ ಬೇಕು, ಖರ್ಚು ಏರುತ್ತದೆ.

ಕ್ಯಾಮೆರಾ ಕೊಳ್ಳುವ ಮೊದಲು ನಿಮ್ಮ ಲೆನ್ಸ್‌ಗಳ ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ನಮ್ಮ ಮಲೆನಾಡಿನ ಸೆರಗಿನ ಮಳೆಗಾಲ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ ಬೆಳೆಸುತ್ತದೆ. ಇದ್ದರೆ ಅದನ್ನು ತೆಗೆಸಲು ಸ್ವಲ್ಪ ಹಣ ಎತ್ತಿಡಿ.

ಬಳಕೆಯಲ್ಲಿ ದೊಡ್ಡ ಲಾಭ ಗುಡಿಯ ಒಳಗೆ. 400ರ ರೋಲ್‌ನಲ್ಲಿ ಕಾಲು ಸೆಕೆಂಡ್ ಬೇಕಾಗುತ್ತಿದ್ದ ನವರಂಗದ ಕಂಬವನ್ನು ಐಎಸ್‌ಒ (ಬೆಳಕಿನ ಸಂವೇದನೆ) 3200ರಲ್ಲಿ 1/30 ಸೆಕೆಂಡಿಗೆ, ಟ್ರೈಪಾಡ್ ಇಲ್ಲದೆ ತೆಗೆಯಬಹುದು. ಹೊರಗೆ ಮಾತ್ರ ಎಚ್ಚರ. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತಿತ್ತು, ಡಿಜಿಟಲ್ ತಾಳುವುದಿಲ್ಲ. ಬಳಪದ ಕಲ್ಲಿನ ಕಪ್ಪನ್ನು ಕಂಡ ಮೀಟರ್ ಚಿತ್ರವನ್ನು ಬೆಳ್ಳಗೆ ಮಾಡಲು ಹೋಗಿ ಆಕಾಶವನ್ನು ಅಳಿಸಿಬಿಡುತ್ತದೆ. ಸ್ಲೈಡ್ ಫಿಲ್ಮ್ ಬಳಸಿದ್ದರೆ ಆ ಶಿಸ್ತು ನಿಮಗೆ ಗೊತ್ತೇ ಇದೆ: ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ, ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಕಡತದಲ್ಲಿ ತೆಗೆಯಿರಿ. ನೆರಳಿನಲ್ಲಿರುವುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು.

ಎಫ್‌ಎಂ2 ಮನೆಯಲ್ಲೇ ಇರಲಿ. ಅದರ ಷಟರ್‌ಗೆ ಬ್ಯಾಟರಿ ಬೇಡ, ಮೀಟರ್‌ಗಷ್ಟೇ ಬೇಕು. ಬಳಸದಿರುವಾಗ ತಳದಲ್ಲಿರುವ ಆ ಎರಡು ಬಟನ್ ಸೆಲ್‌ಗಳನ್ನು ತೆಗೆದಿಡಿ. ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ.